ಎಸೆತ, ಹಿಡಿತ ಮತ್ತು ಎಣಿಕೆ

ಧನಕವಡಿಯ ಮಗ್ಗುಲಲ್ಲಿ ಹಾಯುವ ಸಾತಾರಾ ರಸ್ತೆಯನ್ನೇ ಹಿಡಿದು ಹೊರಟರೆ ಕಾತ್ರಜ ಘಟ್ಟವನ್ನೇರಿ, ಕೊಲ್ಹಾಪುರ, ನಿಪ್ಪಾಣಿಗಳನ್ನು ದಾಟಿ ಬೆಳಗಾವಿಯನ್ನು ಸೇರಬಹುದು. ಈ ಎರಡು ಸೀಮೆಗಳ ನಡುವೆ ದಂಡು, ಸರಕು, ಭಕ್ತಿ ಸಾಗಿದ್ದನ್ನು ಚರಿತ್ರಕಾರರು ಬರೆದಿದ್ದಾರೆ. ಮಕ್ಕಳ ಆಟಗಳೂ ಹೀಗೆಯೇ ಓಡಾಡಿವೆ. ಅದಕ್ಕೆ ಸಾಕ್ಷಿ ಆಟಗಳ ಒಳಗೇ ಇದೆ.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು (ಆಳ್ವಿಕೆ 1126–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಿನೋದಗಳಿಗೂ ಕ್ರೀಡೆಗಳಿಗೂ ಒಂದೊಂದು ವಿಂಶತಿಯೇ ಮೀಸಲು. ಕುದುರೆಯೇರಿ ಚೆಂಡಾಡುವ ವಿನೋದವೂ ಅಲ್ಲಿದೆ. ಅದು ಅರಸನ ಚೆಂಡು. ಅಂಗಳದ ಮಕ್ಕಳ ಚೆಂಡಿಗೆ ಅಂಥ ಗ್ರಂಥಭಾಗ್ಯ ಒದಗಲಿಲ್ಲ. ಅದರ ಇತಿಹಾಸವನ್ನು ಹೆಸರುಗಳಲ್ಲಿ ಹುಡುಕಬೇಕು.

ಬಿಲ್ಲೆಗಳನ್ನು ಪೇರಿಸಿ ಚೆಂಡಿನಿಂದ ಕೆಡಹುವ ಆಟ ನಮಗೂ ಲಗೋರಿ, ಮರಾಠಿಗರಿಗೂ ಲಗೋರಿ. ನಮ್ಮ ಹುಡುಗಿಯರು ಗಜ್ಜುಗಗಳನ್ನು ಮೇಲಕ್ಕೆ ಚಿಮ್ಮಿ ಹಿಡಿಯುವ ಆಟ ಇಲ್ಲಿ ಸಾಗರಗೋಟೆ; ಬೀಜವೂ ಅದೇ. ಚಿನ್ನಿದಾಂಡು ಇಲ್ಲಿ ವಿಟಿದಾಂಡು. ಅದರ ಹಳೆಯ ಎಣಿಕೆ ಇನ್ನೂ ಕುತೂಹಲಕರ: ವಕಟ, ಲೇಂಡ, ಮೂಂಡ, ನಾಲ. ಮರಾಠಿಯ ಏಕ, ದೋನ, ತೀನ, ಚಾರ್ ಇಲ್ಲಿಲ್ಲ. ತೆಲುಗಿನ ಒಕಟಿ, ರೆಂಡು, ಮೂಡು, ಕನ್ನಡದ ನಾಲ್ಕು ಇಲ್ಲಿ ಕಿವಿಗೆ ಬೀಳುತ್ತವೆ. ಅರ್ಥ ತಿಳಿಯದಿದ್ದರೂ ಆಟದ ಪದವೆಂದು ಮಕ್ಕಳು ಅವನ್ನು ಉಳಿಸಿಕೊಂಡು ಬಂದರು.

ಈ ಆಟಗಳಲ್ಲಿ ಕಲಿಕೆಯ ಮೆಟ್ಟಿಲುಗಳೂ ಇವೆ. ಎಳೆಯ ಮಗು ಬರುವ ಚೆಂಡಿಗೆ ಹೆದರಿ ಕಣ್ಣು ಮುಚ್ಚುತ್ತದೆ, ಎರಡೂ ತೋಳುಗಳಿಂದ ಅದನ್ನು ಎದೆಗೆ ಅವುಚಿಕೊಳ್ಳುತ್ತದೆ. ಆದುದರಿಂದ ಮೊದಲು ಬೇಕಾದುದು ಬಟ್ಟೆಯ ಚೆಂಡು, ಎರಡು ಹೆಜ್ಜೆಯ ಅಂತರ, ಎದುರಿಗೊಬ್ಬ ಜೊತೆಗಾರ. ಹಿಡಿದಾಗಲೊಮ್ಮೆ ಒಂದು ಹೆಜ್ಜೆ ಹಿಂದೆ ಸರಿಯುವುದು, ಬಿದ್ದರೆ ಮತ್ತೆ ಹತ್ತಿರ ಬರುವುದು. ಜೊತೆಗಾರನು ಹಿಡಿದರಷ್ಟೇ ಎಣಿಕೆ ಮುಂದುವರಿಯುವುದರಿಂದ, ಎಸೆಯುವವನು ಅವನ ಕೈಗೆ ಸಿಗುವಂತೆಯೇ ಎಸೆಯಲು ಕಲಿಯುತ್ತಾನೆ. ಗಜ್ಜುಗದಲ್ಲಿ ಕಣ್ಣು ಮೇಲಿದ್ದು ಕೈ ನೆಲ ತಡವುತ್ತದೆ. ಲಗೋರಿಯಲ್ಲಿ ಗುರಿಯೇ ಓಡುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಆಟಗಳು ನಿಯಮಬದ್ಧವಾದವು. 1906ರಲ್ಲಿ ಹುಟ್ಟಿದ ಪುಣೆಯ ಡೆಕ್ಕನ್ ಜಿಮಖಾನಾ ಖೋ ಖೋದಂಥ ದೇಶಿ ಆಟಗಳಿಗೆ ನಿಯಮ ರೂಪಿಸಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ಕಾಲೇಜು ತೆರೆದು ದೈಹಿಕ ಶಿಕ್ಷಕರನ್ನು ತರಬೇತುಗೊಳಿಸಿದರು. ಶಾಲೆಯ ಮೈದಾನಕ್ಕೆ ಇದರಿಂದ ಲಾಭವಾಯಿತು. ಆದರೆ ಗೆಲುವು, ಪದಕಗಳಿಲ್ಲದ ಇಬ್ಬರ ಎಸೆದಾಟಕ್ಕೆ ಪಂದ್ಯಾವಳಿಯಲ್ಲಿ ಸ್ಥಳವಿರಲಿಲ್ಲ. ಅದು ಮನೆಯಂಗಳದ ಪಾಲಿಗೇ ಉಳಿಯಿತು.

ಇಂದು ನಗರದಲ್ಲಿ ಆ ಅಂಗಳವೇ ವಾಹನ ನಿಲುಗಡೆಯಾಗಿದೆ. ಉಳಿದ ಇಕ್ಕಟ್ಟಿನಲ್ಲಿ ನಡೆಯುವ ಕ್ರಿಕೆಟ್ಟಿನಲ್ಲಿ ಒಬ್ಬ ಬೀಸುತ್ತಾನೆ, ಒಬ್ಬ ಎಸೆಯುತ್ತಾನೆ. ಚಿಕ್ಕವರು ಅಂಚಿನಲ್ಲಿ ಕಾಯುತ್ತಾರೆ, ಕಾಯುವ ಕೈಗೆ ಹಿಡಿತ ಬಾರದು. ಇಬ್ಬರು ಮಕ್ಕಳಿಗೆ ಒಂದು ಬಟ್ಟೆಯ ಚೆಂಡನ್ನು ಕೊಟ್ಟರೆ, ಮೆಟ್ಟಿಲ ಬಳಿಯ ಜಾಗವೇ ಸಾಕು. ಕನ್ನಡದ ಮಗು ಒಂದು, ಎರಡು ಎನ್ನಲಿ. ಮರಾಠಿಯ ಜೊತೆಗಾರ ತೀನ, ಚಾರ್ ಎಂದು ಮುಂದುವರಿಸಲಿ. ವಕಟ, ಲೇಂಡಗಳೂ ಹಿಂದೊಮ್ಮೆ ಹೀಗೆಯೇ ಒಂದು ಬಾಯಿಂದ ಇನ್ನೊಂದಕ್ಕೆ ದಾಟಿರಬೇಕು.