ಟಾರ್ಕ್

ಟಾರ್ಕ್ (ನಾಮಪದ): ತಿರುಚುವ ಬಲ. ‘ತಿರುಚು’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ ‘ಟಾರ್ಕ್ವೇರೆ’ ಇದರ ಮೂಲ. ಪ್ರಾಚೀನ ಕೆಲ್ಟರು ಕೊರಳಿಗೆ ತೊಡುತ್ತಿದ್ದ, ಲೋಹವನ್ನು ಹುರಿಮಾಡಿದ ಒಡವೆಯ ಹೆಸರೂ ಇದೇ ಬೇರಿನದು. ಯಂತ್ರಶಾಸ್ತ್ರದ ಅರ್ಥದಲ್ಲಿ ಈ ಪದವನ್ನು 1884ರಲ್ಲಿ ಸೂಚಿಸಿದವರು ಜೇಮ್ಸ್ ಥಾಮ್ಸನ್. ಇವರು ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಅವರ ಅಣ್ಣ.

ಲಾರಿ ಎಂಜಿನ್ನಿನ ಹೆಡ್ ಇಳಿಸಿ, ಹೊಸ ಗ್ಯಾಸ್ಕೆಟ್ ಇಟ್ಟು ಮತ್ತೆ ಕೂರಿಸುವಾಗ ಗ್ಯಾರೇಜುಗಳಲ್ಲಿ ಈ ಪದಕ್ಕೆ ಕೆಲಸ ಹೆಚ್ಚು. ಟಾರ್ಕ್ ರೆಂಚ್ ಹಿಡಿದು ನಡುವಿನ ಬೋಲ್ಟಿನಿಂದ ಅಂಚಿನ ಕಡೆಗೆ, ಹಂತ ಹಂತವಾಗಿ ಬಿಗಿಯುತ್ತಾರೆ. ಬಿಚ್ಚುವಾಗ ಅಂಚಿನಿಂದ ನಡುವಿಗೆ. ಅಳತೆ ನ್ಯೂಟನ್-ಮೀಟರ್. ಕಡಿಮೆಯಾದರೆ ಗ್ಯಾಸ್ಕೆಟ್ ಸೋರುತ್ತದೆ, ಮಿತಿಮೀರಿದರೆ ಬೋಲ್ಟೇ ತುಂಡಾಗಬಹುದು. ಇಲ್ಲಿ ಕೈಯಂದಾಜು ಸಲ್ಲದು. ಎಂಜಿನ್ನಿನ ಕೈಪಿಡಿ ಹೇಳಿದಷ್ಟೇ ಟಾರ್ಕ್ ಕೊಡಿ.