ಕೈ ಜೋಮು ಹಿಡಿದರೆ ಪಟ್ಟಿಯೋ, ಕತ್ತಿಯೋ? 170 ವರ್ಷದ ಹಳೇ ಜಗಳ

ಇವತ್ತು ಒಂದು ಕಾಯಿಲೆಯ ಇತಿಹಾಸ. ನಡುರಾತ್ರಿ ಬೆರಳುಗಳು ಜುಮ್ ಅಂತ ಜೋಮು ಹಿಡಿದು ಎಚ್ಚರ ಆಗುತ್ತೆ, ಎದ್ದು ಕೂತು ಕೈ ಕೊಡವಿದ್ರೆ ಸ್ವಲ್ಪ ಆರಾಮ ಅನಿಸುತ್ತೆ. ಸಾಮಾನ್ಯವಾಗಿ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ ಇಷ್ಟರಲ್ಲೇ ಈ ತೊಂದರೆ, ಕಿರುಬೆರಳಿಗೆ ಇಲ್ಲ. ನಮ್ಮ ಮನೆಗಳಲ್ಲಿ ಇದಕ್ಕೆ ‘ವಾಯು’ ಅಂತ ಒಂದು ಹೆಸರು ಕೊಟ್ಟು, ಒಂಚೂರು ಎಣ್ಣೆ ತಿಕ್ಕಿ ಮಲಗಿಬಿಡ್ತಾರೆ. ಡಾಕ್ಟರು ಇದನ್ನ ಕಾರ್ಪಲ್ ಟನಲ್ ಸಿಂಡ್ರೋಮ್ ಅಂತಾರೆ. ಅಲ್ಲಿಂದ ಮುಂದಿನ ಪ್ರಶ್ನೆ ಎಲ್ಲರಿಗೂ ಒಂದೇ: ಆಪರೇಷನ್ ಬೇಕಾ, ಅಥವಾ ಪಟ್ಟಿ, ಇಂಜೆಕ್ಷನ್‌ನಲ್ಲೇ ಮುಗಿಯುತ್ತಾ?

ಮೊದಲು ಜಾಗ ಯಾವುದು ಅಂತ ನೋಡೋಣ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು ಸೇರಿ ಒಂದು ತೊಟ್ಟಿಯ ಆಕಾರ ಮಾಡಿಕೊಂಡಿವೆ. ಆ ತೊಟ್ಟಿಯ ಮೇಲೆ ಮುಚ್ಚಳದ ಹಾಗೆ ಒಂದು ಗಟ್ಟಿ ಲಿಗಮೆಂಟ್. ಒಳಗಡೆ ಬೆರಳು ಮಡಚೋ ಒಂಬತ್ತು ಸ್ನಾಯುರಜ್ಜುಗಳು, ಅವುಗಳ ಜೊತೆ ಮೀಡಿಯನ್ ನರ. ರಶ್ ಟೈಮಲ್ಲಿ ತುಂಬಿದ ಸಿಟಿ ಬಸ್ ಥರ. ಒಳಗೆ ಸ್ವಲ್ಪ ಊದಿಕೊಂಡರೂ ಮೂಳೆ ಜಾಗ ಬಿಡೋದಿಲ್ಲ, ಮುಚ್ಚಳ ಹಿಗ್ಗೋದಿಲ್ಲ. ಒತ್ತಡ ಬೀಳೋದು ಪಾಪ ಆ ನರದ ಮೇಲೆ.

ಈಗ 1850ರ ದಶಕದ ಲಂಡನ್‌ಗೆ ಹೋಗೋಣ. ಸರ್ಜನ್ ಜೇಮ್ಸ್ ಪ್ಯಾಜೆಟ್ ತಮ್ಮ ಉಪನ್ಯಾಸಗಳ ಪುಸ್ತಕದಲ್ಲಿ ಗೈಸ್ ಆಸ್ಪತ್ರೆಯ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ಆತನ ಮುಂಗೈ ಮೂಳೆ ಮಣಿಕಟ್ಟಿನ ಹತ್ತಿರ ಮುರಿದಿತ್ತು. ಮುರಿದ ಜಾಗ ಕೂಡಿಕೊಳ್ಳುವಾಗ ಹೊಸ ಮೂಳೆ ಅತಿಯಾಗಿ ಬೆಳೆದು ಮೀಡಿಯನ್ ನರವನ್ನ ಒತ್ತುತ್ತಾ ಇತ್ತು. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳಲ್ಲಿ ವಾಸಿಯಾಗದ ಹುಣ್ಣು. ಯಾವ ಔಷಧಿಗೂ ಬಗ್ಗಲಿಲ್ಲ. ಕೊನೆಗೆ ಒತ್ತಡ ಸಡಿಲ ಆಗೋ ಹಾಗೆ ಮಣಿಕಟ್ಟನ್ನ ಕಟ್ಟಿಟ್ಟರು, ಹುಣ್ಣು ಮಾಯಿತು. ಕಟ್ಟು ಬಿಚ್ಚಿ ಆತ ಕೈ ಬಳಸೋಕೆ ಶುರು ಮಾಡಿದ, ಹುಣ್ಣು ವಾಪಸ್ ಬಂತು!

ಈ ಕಾಯಿಲೆಯ ಕಥೆಯಲ್ಲಿ ದಾಖಲಾದ ಮೊದಲ ರೋಗಿಗಳಲ್ಲಿ ಒಬ್ಬ ಈತ. ಮುಂದಿನ 170 ವರ್ಷದ ಜಗಳ ಪೂರ್ತಿ ಈತನ ಒಂದು ಕೈಯಲ್ಲೇ ಇದೆ. ಪಟ್ಟಿ ಕೆಲಸ ಮಾಡುತ್ತೆ, ಆದರೆ ಕಟ್ಟಿಕೊಂಡಿರೋ ತನಕ. ಜೀವನ ಪೂರ್ತಿ ಕೈ ಕಟ್ಟಿಕೊಂಡು ಇರೋಕಾಗುತ್ತಾ?

ಹಾಗಾದ್ರೆ ಆವಾಗಲೇ ಆಪರೇಷನ್ ಯಾಕೆ ಮಾಡಲಿಲ್ಲ ಅಂತ ಕೇಳಬಹುದು. ಈಥರ್ ಅರಿವಳಿಕೆ ಬಂದಿದ್ದೇ 1846ರಲ್ಲಿ. ಗಾಯ ಕೀವು ಆಗದ ಹಾಗೆ ಸರ್ಜರಿ ಮಾಡೋ ವಿಧಾನವನ್ನ ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಬೆರಳು ಜೋಮು ಹಿಡಿಯುತ್ತೆ ಅಂತ ಮಣಿಕಟ್ಟು ಕೊಯ್ಯಿಸಿಕೊಂಡರೆ ಕೈಯೇ ಹೋಗಬಹುದಾಗಿದ್ದ ಕಾಲ ಅದು.

1880ರಲ್ಲಿ ಬಾಸ್ಟನ್‌ನ ನರತಜ್ಞ ಜೇಮ್ಸ್ ಜಾಕ್ಸನ್ ಪುಟ್ನಮ್ 37 ರೋಗಿಗಳ ಬಗ್ಗೆ ಬರೆದರು. ರಾತ್ರಿ ಜೋಮು, ಕೈ ಕೊಡವಿದರೆ ಆರಾಮ, ಎಲ್ಲವನ್ನೂ ಸರಿಯಾಗಿ ಗಮನಿಸಿದ್ದರು. ಕಾರಣ ಮಾತ್ರ ತಪ್ಪಾಯಿತು: ರಕ್ತನಾಳಗಳದ್ದೇ ತೊಂದರೆ ಇರಬೇಕು ಅಂದುಕೊಂಡರು. ರೋಗಿಗಳ ಮಾತು ಕೇಳಿಸಿಕೊಂಡೂ ಮಣಿಕಟ್ಟನ್ನ ನೋಡಲಿಲ್ಲ.

ನೋಡಿದವರು ಪ್ಯಾರಿಸ್‌ನ ಪಿಯೇರ್ ಮರೀ ಮತ್ತು ಶಾರ್ಲ್ ಫ್ವಾ. 1913ರಲ್ಲಿ ಅವರು ಪ್ರಕಟಿಸಿದ್ದು 80 ವರ್ಷದ ಅಜ್ಜಿಯೊಬ್ಬರ ಮರಣೋತ್ತರ ಪರೀಕ್ಷೆಯ ವಿವರ. ಅಜ್ಜಿಯ ಎರಡೂ ಕೈಗಳಲ್ಲಿ ಹೆಬ್ಬೆರಳ ಬುಡದ ದಪ್ಪ ಮಾಂಸಖಂಡ ಕರಗಿ ಹೋಗಿತ್ತು. ಒಳಗೆ ನೋಡಿದರೆ ಮೀಡಿಯನ್ ನರ ಆ ಲಿಗಮೆಂಟಿನ ಮೇಲ್ಗಡೆ ಗಂಟಿನ ಹಾಗೆ ಊದಿಕೊಂಡಿತ್ತು, ಅಡಿಯಲ್ಲಿ ಸಣ್ಣಗಾಗಿತ್ತು. ಬೇಗ ಗೊತ್ತಾಗಿ, ಲಿಗಮೆಂಟ್ ಕತ್ತರಿಸಿದ್ದರೆ ಇದು ತಪ್ಪುತ್ತಿತ್ತೇನೋ ಅಂತ ಸೂಚಿಸಿದರು. ಅಷ್ಟು ಸ್ಪಷ್ಟವಾಗಿ! ಆದರೂ ಹೆಚ್ಚುಕಡಿಮೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ವರ್ಷ ಮಹಾಯುದ್ಧ ಬೇರೆ ಶುರುವಾಯಿತು.

ಆಮೇಲಿನ ಅಧ್ಯಾಯ ನನಗೆ ಸಿಟ್ಟು ತರಿಸೋದು. 1930, 40ರ ದಶಕಗಳಲ್ಲಿ ಕೈ ಜೋಮಿಗೆ ಕಾರಣ ಕುತ್ತಿಗೆ ಬುಡದಲ್ಲಿದೆ, ಅಲ್ಲಿನ ಪಕ್ಕೆಲುಬು ನರವನ್ನ ಒತ್ತುತ್ತಿದೆ ಅನ್ನೋ ನಂಬಿಕೆ ಬಲವಾಗಿತ್ತು. ಕೆಲವರಿಗೆ ನಿಜಕ್ಕೂ ಹಾಗಿರುತ್ತೆ. ಆದರೆ ಮಣಿಕಟ್ಟಿನ ತೊಂದರೆ ಇದ್ದವರಿಗೂ ಪಕ್ಕೆಲುಬು ತೆಗೆದರು. ಇವತ್ತು ಹತ್ತು, ಹದಿನೈದು ನಿಮಿಷದಲ್ಲಿ ಮುಗಿಯೋ ಆಪರೇಷನ್ ಬದಲಿಗೆ ಎದೆಗೂಡಿನ ಮೂಳೆ ಕಳೆದುಕೊಂಡು, ಅದೇ ಜೋಮು ಹಿಡಿದ ಕೈ ಜೊತೆ ಮನೆಗೆ ಹೋದವರಿದ್ದಾರೆ. ‘ಸರ್ಜರಿ ಬೇಕಾ ಬೇಡವಾ’ ಅಂತ ಕೇಳೋ ಮೊದಲು ‘ಯಾವ ಜಾಗಕ್ಕೆ’ ಅಂತ ಕೇಳಬೇಕಾಗಿತ್ತು.

ಮಣಿಕಟ್ಟಿನ ಲಿಗಮೆಂಟನ್ನೇ ಕತ್ತರಿಸಿದ ವರದಿಯನ್ನ 1933ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಕೆಲಸ ಮಾಡಿದ್ದ ಜೇಮ್ಸ್ ಲಿಯರ್‌ಮಂತ್ ಕೊಟ್ಟಿದ್ದರು. ಆದರೆ ವಿಷಯ ದೊಡ್ಡದಾಗಿದ್ದು 1947ರಲ್ಲಿ. ಇಂಗ್ಲೆಂಡಿನ ರಸಲ್ ಬ್ರೈನ್ (ನರತಜ್ಞರ ಹೆಸರೇ ಬ್ರೈನ್, ನಾನು ಕಟ್ಟಿದ್ದಲ್ಲ) ಮತ್ತು ಸಂಗಡಿಗರು ‘ಲ್ಯಾನ್ಸೆಟ್’ನಲ್ಲಿ ಆರು ಆಪರೇಷನ್ ಕೇಸ್‌ಗಳನ್ನ ಪ್ರಕಟಿಸಿದರು. ಆರೂ ಜನ ಹೆಂಗಸರು. ಮೂಳೆ ಮುರಿದಿಲ್ಲ, ಏಟು ಬಿದ್ದಿಲ್ಲ, ಆದರೂ ನರ ಒತ್ತಿಕೊಂಡಿದೆ ಅಂತ ತೋರಿಸಿದ್ದು ಇದರ ಹೆಚ್ಚುಗಾರಿಕೆ.

1950ರಿಂದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಜಾರ್ಜ್ ಫೇಲನ್ ಈ ಕಾಯಿಲೆಯನ್ನ ಮನೆಮಾತು ಮಾಡಿದರು. ಎರಡೂ ಕೈಗಳ ಹಿಂಬದಿ ಒಂದಕ್ಕೊಂದು ತಾಗಿಸಿ, ಮಣಿಕಟ್ಟು ಬಗ್ಗಿಸಿ ಒಂದು ನಿಮಿಷ ಹಿಡಿಯೋ ಪರೀಕ್ಷೆಗೆ ಅವರದ್ದೇ ಹೆಸರು. 1966ರಲ್ಲಿ ಅವರು 17 ವರ್ಷದಲ್ಲಿ ನೋಡಿದ 654 ಕೈಗಳ ಲೆಕ್ಕ ಕೊಟ್ಟರು. ಗಮನಿಸಿ, ಫೇಲನ್ ಸರ್ಜನ್ ಆಗಿದ್ದರೂ ಎಲ್ಲರಿಗೂ ಕತ್ತಿ ಹಿಡಿಯಲಿಲ್ಲ. ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಅಷ್ಟರಲ್ಲಿ ಬಂದಿತ್ತು, ಅದನ್ನೂ ಬಳಸುತ್ತಿದ್ದರು. 1956ರಲ್ಲಿ ಎಡಿನ್‌ಬರೋದ ಜಾನ್ ಸಿಂಪ್ಸನ್, ಮಣಿಕಟ್ಟಿನಲ್ಲಿ ನರದ ಸಿಗ್ನಲ್ ನಿಧಾನ ಆಗೋದನ್ನ ಯಂತ್ರದಲ್ಲಿ ಅಳೆದು ತೋರಿಸಿದರು. ಪಕ್ಕೆಲುಬಿನ ವಾದಕ್ಕೆ ಅಲ್ಲಿಗೆ ಬಲ ಹೋಯಿತು.

ಸರಿ, ಎರಡರಲ್ಲಿ ಯಾವುದು ಮೇಲು? ಅದನ್ನ ಸರಿಯಾಗಿ ಹೋಲಿಸಿ ನೋಡೋಕೆ ವೈದ್ಯಲೋಕ ತೆಗೆದುಕೊಂಡ ಸಮಯ ಕೇಳಿದರೆ ನಗು ಬರುತ್ತೆ. 1964ರ ಒಂದು ಪುಟ್ಟ ಅಧ್ಯಯನದಲ್ಲಿ ಇದ್ದಿದ್ದು 22 ಹೆಂಗಸರು. ದೊಡ್ಡ ಹೋಲಿಕೆ ಬಂದಿದ್ದು 2002ರಲ್ಲಿ, ನೆದರ್‌ಲ್ಯಾಂಡ್ಸ್‌ನಿಂದ. 176 ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು: ಒಂದಕ್ಕೆ ಸರ್ಜರಿ, ಇನ್ನೊಂದಕ್ಕೆ ರಾತ್ರಿ ಕಟ್ಟಿಕೊಳ್ಳೋ ಸ್ಪ್ಲಿಂಟ್. ಮೂರು ತಿಂಗಳಲ್ಲಿ ಸರ್ಜರಿ ಗುಂಪಿನ 80% ಜನ ಸುಧಾರಿಸಿದ್ದರು, ಸ್ಪ್ಲಿಂಟ್ ಗುಂಪಿನಲ್ಲಿ 54%. ಒಂದೂವರೆ ವರ್ಷಕ್ಕೆ 90 ಮತ್ತು 75. ಆದರೆ ಅಷ್ಟರಲ್ಲಿ ಸ್ಪ್ಲಿಂಟ್ ಗುಂಪಿನ 41% ಜನ ಆಪರೇಷನ್ ಮಾಡಿಸಿಕೊಂಡಾಗಿತ್ತು. ಇದನ್ನ ಎರಡು ರೀತಿ ಓದಬಹುದು. ಸ್ಪ್ಲಿಂಟ್ ಸೋತಿತು ಅನ್ನಬಹುದು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆ ಅವಧಿಯಲ್ಲಿ ಕತ್ತಿಯೇ ಬೇಕಾಗಲಿಲ್ಲ ಅಂತಲೂ ಅನ್ನಬಹುದು. ನಾನು ಎರಡನೆಯದನ್ನೂ ಬಿಟ್ಟುಕೊಡಲ್ಲ.

2005ರಲ್ಲಿ ಮ್ಯಾಡ್ರಿಡ್‌ನ ವೈದ್ಯರು ಸ್ಟಿರಾಯ್ಡ್ ಇಂಜೆಕ್ಷನ್ನನ್ನ ಸರ್ಜರಿ ಎದುರು ಇಟ್ಟರು. ರಾತ್ರಿ ಜೋಮಿನ ವಿಷಯದಲ್ಲಿ ಮೂರು ತಿಂಗಳಿಗೆ ಇಂಜೆಕ್ಷನ್ನೇ ಮುಂದೆ: 94%, ಸರ್ಜರಿ 75%. ಒಂದು ವರ್ಷಕ್ಕೆ ಇಂಜೆಕ್ಷನ್ 70ಕ್ಕೆ ಇಳಿದಿತ್ತು, ಸರ್ಜರಿ 75ರಲ್ಲೇ ಇತ್ತು. 2013ರ ಸ್ವೀಡನ್ ಅಧ್ಯಯನ ಇನ್ನೂ ಖಾರ. ಅಲ್ಲಿ ಹೆಚ್ಚಿನ ಡೋಸ್ ಇಂಜೆಕ್ಷನ್ ತಗೊಂಡವರಲ್ಲೂ 73% ಜನ ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು. ಬರೀ ನೀರಿನಂಥ ಹುಸಿ ಇಂಜೆಕ್ಷನ್ ಪಡೆದವರಲ್ಲಿ 92%.

ನಡುವೆ ಒಂದು ಯೋಗದ ಕಥೆ. 1998ರಲ್ಲಿ ಫಿಲಡೆಲ್ಫಿಯಾದಲ್ಲಿ 42 ಜನರ ಮೇಲೆ ನಡೆದ ಅಧ್ಯಯನದಲ್ಲಿ ಎಂಟು ವಾರ ಅಯ್ಯಂಗಾರ್ ಶೈಲಿಯ ಆಸನ ಕಲಿಸಿದರು. ಬಿ.ಕೆ.ಎಸ್. ಅಯ್ಯಂಗಾರ್ ಅವರ ಆ ‘ಬಿ’ ಅಂದ್ರೆ ಬೆಳ್ಳೂರು, ನಮ್ಮ ಕೋಲಾರ ಜಿಲ್ಲೆಯದ್ದು. ಆಸನ ಮಾಡಿದವರಿಗೆ ನೋವು ಕಡಿಮೆಯಾಯಿತು, ಹಿಡಿತ ಬಲವಾಯಿತು. ನರದ ಸಿಗ್ನಲ್ ವೇಗದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ‘ಯೋಗದಿಂದ ಕಾರ್ಪಲ್ ಟನಲ್ ಮಾಯ’ ಅನ್ನೋ ರೀಲ್ಸ್ ನೋಡಿದಾಗ ಈ ಕೊನೇ ಸಾಲನ್ನೂ ನೆನಪಿಟ್ಟುಕೊಳ್ಳಿ.

ಮೊಬೈಲ್‌ನಿಂದ ಬರುತ್ತಾ ಅಂತ ನಿಮ್ಮಲ್ಲಿ ಅರ್ಧ ಜನ ಕೇಳ್ತಾ ಇರ್ತೀರಿ. ಕೀಬೋರ್ಡ್ ಮೇಲೂ ಇದೇ ಆರೋಪ ಇತ್ತು. 2001ರಲ್ಲಿ ಮೇಯೊ ಕ್ಲಿನಿಕ್ ತನ್ನ ಕಂಪ್ಯೂಟರ್ ನೌಕರರನ್ನೇ ಪರೀಕ್ಷಿಸಿದಾಗ ಈ ಕಾಯಿಲೆ ಉಳಿದ ಜನರಲ್ಲಿ ಇರೋಷ್ಟೇ ಕಂಡುಬಂತು. ನಡುಗೋ ಯಂತ್ರ ಹಿಡಿದು ದುಡಿಯೋದು, ಬಲವಾಗಿ ಹಿಡಿದು ಮತ್ತೆ ಮತ್ತೆ ಅದೇ ಕೆಲಸ ಮಾಡೋದು, ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಬಸಿರು: ಇವುಗಳ ನಂಟು ಹೆಚ್ಚು ಗಟ್ಟಿ. ಬಸಿರಿನಲ್ಲಿ ಬಂದಿದ್ದು ಸಾಮಾನ್ಯವಾಗಿ ಹೆರಿಗೆ ಆದಮೇಲೆ ಇಳಿಯುತ್ತೆ, ಅದಕ್ಕೆ ಪಟ್ಟಿಯೇ ಸಾಕಾಗಬಹುದು.

ಆದರೆ ಪ್ಯಾರಿಸ್‌ನ ಆ ಅಜ್ಜಿಯ ಕೈಯನ್ನ ಮರೀಬೇಡಿ. ಜೋಮು ಬಂದು ಹೋಗಿ ಮಾಡ್ತಿದ್ದರೆ ಪಟ್ಟಿ, ಇಂಜೆಕ್ಷನ್‌ಗೆ ಸಮಯ ಇದೆ. ಹಗಲೂ ರಾತ್ರಿ ಬೆರಳು ಮರಗಟ್ಟಿದ್ದರೆ, ಬ್ಲೌಸಿನ ಹುಕ್ ಹಾಕೋಕೆ ಆಗದೆ ಲೋಟ ಕೈಜಾರುತ್ತಿದ್ದರೆ, ಹೆಬ್ಬೆರಳ ಬುಡ ಚಪ್ಪಟೆ ಆಗ್ತಾ ಇದ್ದರೆ ಕಾಯೋದು ದುಬಾರಿ. ಲಿಗಮೆಂಟ್ ಕತ್ತರಿಸಿದ ಮೇಲೆ ರಾತ್ರಿ ಜೋಮು ಬಹಳ ಜನಕ್ಕೆ ಬೇಗ ಹೋಗುತ್ತೆ, ಕರಗಿದ ಮಾಂಸಖಂಡ ವಾಪಸ್ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಇನ್ನೂ ಒಂದು ಮೋಸ ಇದೆ: ನರ ತೀರಾ ಕೆಟ್ಟಾಗ ನೋವು ಕಡಿಮೆ ಆಗಬಹುದು. ಮನೆಯವರು ವಾಸಿ ಆಯ್ತು ಅಂದುಕೊಳ್ತಾರೆ.

ಸರ್ಜರಿಗೂ ಬೆಲೆ ಇದೆ. ಅಂಗೈ ಬುಡದ ನೋವು, ಹಿಡಿತದ ಸೋಲು ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಕಾಡುತ್ತೆ. ದಿನಗೂಲಿಯವರಿಗೆ ಅಷ್ಟು ದಿನದ ಸಂಬಳ ಯಾರು ಕೊಡ್ತಾರೆ? ಕ್ಯಾಮೆರಾ ಹಾಕಿ ಸಣ್ಣ ತೂತಿನಿಂದ ಮಾಡೋ ಎಂಡೋಸ್ಕೋಪಿಕ್ ವಿಧಾನ 1980ರ ದಶಕದ ಕೊನೆಗೆ ಬಂತು. ಕೆಲಸಕ್ಕೆ ಸುಮಾರು ಒಂದು ವಾರ ಬೇಗ ಮರಳಬಹುದು, ಅಷ್ಟೇ.

ಇತ್ತೀಚಿನ ದೊಡ್ಡ ಲೆಕ್ಕ 2025ರದ್ದು, ಮತ್ತೆ ನೆದರ್‌ಲ್ಯಾಂಡ್ಸ್‌ನದ್ದೇ, 934 ರೋಗಿಗಳು. ಮೊದಲು ಸರ್ಜರಿ ಮಾಡಿಸಿಕೊಂಡವರಲ್ಲಿ ಒಂದೂವರೆ ವರ್ಷಕ್ಕೆ 61% ಗುಣವಾಗಿದ್ದರು. ಇಂಜೆಕ್ಷನ್‌ನಿಂದ ಶುರು ಮಾಡಿ, ಬೇಕಾದರೆ ಮುಂದಿನ ಚಿಕಿತ್ಸೆ ಪಡೆದವರಲ್ಲಿ 45%. ಸರ್ಜರಿ ಗೆದ್ದಿದೆ, ಹೌದು. ಆದರೆ ಆ ಗುಂಪಿನಲ್ಲೂ ನೂರಕ್ಕೆ 39 ಜನ ಪೂರ್ತಿ ಗುಣವಾಗಿರಲಿಲ್ಲ.