ಪದ ಪರಿಚಯ: ಪ್ರಸರಣ

ಪ್ರಸರಣ (ನಾಮಪದ): ಹರಡುವಿಕೆ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು.

ಸಂಸ್ಕೃತದ ‘ಸೃ’ ಧಾತುವಿಗೆ ಚಲಿಸು, ಹರಿ ಎಂಬ ಅರ್ಥ. ಅದಕ್ಕೆ ‘ಪ್ರ’ ಸೇರಿ, ಮುಂದಕ್ಕೆ ಹರಿಯುವುದು ಪ್ರಸರಣವಾಯಿತು. ಸರಣಿ, ಅನುಸರಣೆ, ನದಿ ಎಂಬರ್ಥದ ಸರಿತ್ ಇದೇ ಬಳಗದವು. ಪತ್ರಿಕೆಗಳಿಗೆ ಪ್ರಸರಣ ವಿಭಾಗವಿದೆ. ಕರೆಂಟಿಗೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವಿದೆ.

ಈಗ ‘ಪ್ರಸರಣ ಶಕ್ತಿ’ ನಮ್ಮ ಜೇಬಿನಲ್ಲೇ ಇದೆ: ಮೊಬೈಲ್ ತನ್ನ ರೇಡಿಯೊ ಅಲೆಯನ್ನು ಹೊರಡಿಸುವ ಬಲ. ಅಡೆತಡೆಯಿಲ್ಲದ ಬಯಲಲ್ಲೂ ದೂರ ಎರಡು ಪಟ್ಟಾದರೆ, ಅಷ್ಟೇ ಸಂಕೇತ ಮುಟ್ಟಿಸಲು ನಾಲ್ಕು ಪಟ್ಟು ಶಕ್ತಿ ಬೇಕು. ಪಕ್ಕದವರೊಡನೆ ಮೆಲ್ಲಗೆ ಮಾತಾಡಿ, ಗದ್ದೆಯಾಚೆಯವರನ್ನು ಕೂಗಿ ಕರೆಯುವ ನಮ್ಮಂತೆಯೇ ಫೋನು ಟವರಿನ ಸೂಚನೆ ಕೇಳಿ ದನಿ ಏರಿಸುತ್ತದೆ, ಇಳಿಸುತ್ತದೆ. 900 ಮೆಗಾಹರ್ಟ್ಸ್‌ನ 2ಜಿ ಫೋನು 2 ವ್ಯಾಟ್‌ನಿಂದ ಸುಮಾರು 3 ಮಿಲಿವ್ಯಾಟ್‌ಗೆ ಇಳಿಯಬಲ್ಲದು. 3ಜಿಯಲ್ಲಿ ಈ ಸೂಚನೆ ಸೆಕೆಂಡಿಗೆ 1500 ಬಾರಿ ಬರುತ್ತದೆ. ಸಿಗ್ನಲ್ ಕ್ಷೀಣವಾದ ಮಲೆನಾಡಿನ ಮೂಲೆಗಳಲ್ಲಿ ಬ್ಯಾಟರಿ ಬೇಗ ಬರಿದಾಗಲು ಫೋನು ಹೀಗೆ ದನಿ ಏರಿಸುವುದೂ ಒಂದು ಕಾರಣ. ದೂರಕ್ಕೆ ತಕ್ಕಷ್ಟೇ ದನಿ: ಉಳಿತಾಯದ ಗುಟ್ಟು ಇಷ್ಟೇ.

ಬಳಕೆ: ಟವರ್ ಹತ್ತಿರವಿದ್ದರೆ ಫೋನಿನ ಪ್ರಸರಣ ಶಕ್ತಿ ತಗ್ಗುತ್ತದೆ, ಚಾರ್ಜ್ ಹೆಚ್ಚು ಹೊತ್ತು ಬರುತ್ತದೆ.